ಮಾಗಿಯ ಒಂದಿರುಳಿನ ಬೀಡು

ಕನ್ನಡದಲ್ಲಿ ‘ಬೀಡು’ ಎಂಬುದೊಂದು ಹಳೆಯ ಮಾತು. ಕೆಡು ಎಂಬುದರಿಂದ ಕೇಡು, ಪಡು ಎಂಬುದರಿಂದ ಪಾಡು ಆದಂತೆಯೇ ಬಿಡು ಎಂಬುದರಿಂದ ಬೀಡು ಆಯಿತು. ಹೊತ್ತ ಹೊರೆಯನ್ನಿಳಿಸಿ, ಎತ್ತಿನ ಕೊರಳಿನಿಂದ ನೊಗವನ್ನು ಬಿಟ್ಟು, ಈ ರಾತ್ರಿಗೆ ಇಲ್ಲಿಯೇ ಎಂದು ನಿಂತ ನೆಲ ಬೀಡು. ಕಲ್ಯಾಣದ ಚಾಲುಕ್ಯರ ಶಾಸನಗಳನ್ನು ಓದಿದವರಿಗೆ ನೆಲೆವೀಡು, ಅಪ್ಪಯಣವೀಡು ಎಂಬ ಎರಡು ಮಾತುಗಳ ಪರಿಚಯವಿರುತ್ತದೆ. ಅರಸನು ನೆಲೆಯಾಗಿ ನಿಂತು ಆಳುವ ಊರು ನೆಲೆವೀಡು; ಪಯಣದ ನಡುವೆ ಕೆಲವು ದಿನ ತಂಗುವ ತಾಣ ಅಪ್ಪಯಣವೀಡು. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಗಳಲ್ಲಿ ಈ ವ್ಯತ್ಯಾಸವನ್ನು ವಿವರಿಸುತ್ತ ಬಂದ ನನಗೆ, 2024ರ ಡಿಸೆಂಬರಿನಲ್ಲಿ, ನನ್ನ ಸಂಸಾರಕ್ಕೇ ಒಂದು ಅಪ್ಪಯಣವೀಡನ್ನು ಹುಡುಕಿಕೊಡುವ ಕೆಲಸ ಬಂದೊದಗಿತು. ಆ ಹುಡುಕಾಟದ ಕತೆಯನ್ನೇ ಈ ಹೊತ್ತು ಕೇಳುಗರ ಮುಂದಿಡುತ್ತಿದ್ದೇನೆ.

ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ರಜೆಗೆಂದು ಇಬ್ಬರು ಮಕ್ಕಳನ್ನು ಕರೆದುಕೊಂಡು ಊರಿಗೆ ಬರುವವಳಿದ್ದಳು. ದೊಡ್ಡವಳಿಗೆ ಎಂಟು ವರ್ಷ, ಚಿಕ್ಕವನಿಗೆ ಐದು. ಬರುವ ಮೊದಲೇ ದೂರವಾಣಿಯಲ್ಲಿ ಮೊಮ್ಮಗಳ ಬೇಡಿಕೆ ಬಂದಿತು: “ತಾತ, ನಿಮ್ಮೂರಲ್ಲೂ ಟೆಂಟ್ ಹಾಕಿ ಮಲಗೋಣ. ಅಜ್ಜೀನೂ ಬರಬೇಕು.” ಕೊನೆಯ ಮಾತನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಅದಕ್ಕೆ ಕಾರಣವುಂಟು, ಮುಂದೆ ಹೇಳುತ್ತೇನೆ.

ಮನೆಯಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಬೆಂಗಳೂರಿನ ಮಗ, ನದಿಯ ದಡವಿಲ್ಲದ ಬಿಡಾರವೂ ಒಂದು ಬಿಡಾರವೇ ಎಂದ. ಸೊಸೆಗೆ ಬೆಟ್ಟದ ನೆತ್ತಿ ಬೇಕು, ಅಲ್ಲಿಂದ ಸೂರ್ಯೋದಯ ಕಾಣಬೇಕು. ಮಗಳಿಗೆ ಕಾಡು. ನಾನು ಒಂದೊಂದನ್ನೂ ಗುರುತು ಹಾಕಿಕೊಂಡೆ. ಹೆಂಡತಿ ಮಾತ್ರ ಅವರೆಕಾಯಿ ಬಿಡಿಸುತ್ತ ಕುಳಿತವಳು ತಲೆಯೆತ್ತಲಿಲ್ಲ.

ಅವಳ ಆ ಮೌನ 1993ರಷ್ಟು ಹಳೆಯದು. ಆ ವರ್ಷದ ಕ್ರಿಸ್‌ಮಸ್ ರಜೆಯಲ್ಲಿ ನಾನು, ಅವಳು, ಆರು ವರ್ಷದ ಮಗಳು, ಎರಡು ವರ್ಷದ ಮಗ, ಹೀಗೆ ನಾಲ್ವರು ನಮ್ಮ ಸೀಮೆಯ ಒಂದು ನದಿಗೆ ಹೋಗಿದ್ದೆವು. ನದಿಯ ಹೆಸರು ಬೇಡ, ತಪ್ಪು ಅದರದಲ್ಲ. ಕಾಲೇಜಿನ ಸ್ನೇಹಿತರೊಬ್ಬರಿಂದ ಎರವಲು ತಂದ ಕ್ಯಾನ್ವಾಸ್ ಡೇರೆ, ಒಂದು ಸೀಮೆಎಣ್ಣೆ ಸ್ಟೌ, ಎರಡು ಕಂಬಳಿ. ಹೊಳೆಯ ನಡುವೆ ಬೆಳ್ಳಗೆ ಹಾಸಿದಂತಿದ್ದ ಮರಳ ದಿಬ್ಬ. ಸುತ್ತಲೂ ಪಾದ ಮುಳುಗುವಷ್ಟು ನೀರು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಇದಕ್ಕಿಂತ ಒಳ್ಳೆಯ ಜಾಗ ಈ ಭೂಮಿಯ ಮೇಲಿದೆಯೆ ಎಂದುಕೊಂಡು ಡೇರೆ ಹೂಡಿದೆ. ಸಂಜೆ ಬಲೆ ಹೊತ್ತು ದಡದಲ್ಲಿ ಹೋಗುತ್ತಿದ್ದ ಒಬ್ಬ ಮುದುಕ ನಿಂತು, “ಸ್ವಾಮೀ, ಮರಳ ಮ್ಯಾಲೆ ಮಲಗ್‌ಬ್ಯಾಡಿ. ರಾತ್ರಿ ನೀರು ಏರ್ತದೆ” ಎಂದ. ನಾನು ಆಕಾಶವನ್ನು ತೋರಿಸಿ ನಕ್ಕೆ. ಅವನೂ ನಕ್ಕು ಹೊರಟುಹೋದ. ಅವನು ಮಳೆಯ ಮಾತನ್ನಾಡಿರಲಿಲ್ಲ. ಮೇಲೆಲ್ಲೋ ಒಂದು ಅಣೆಕಟ್ಟು, ಅದಕ್ಕೊಂದು ವಿದ್ಯುದಾಗಾರ. ಅಲ್ಲಿ ಯಂತ್ರ ತಿರುಗಿದಾಗ ಬಿಟ್ಟ ನೀರು ನಾವಿದ್ದಲ್ಲಿಗೆ ತಲುಪುವಷ್ಟರಲ್ಲಿ ನಡುರಾತ್ರಿ ಕಳೆದಿರುತ್ತದೆ. ಅವನಿಗೆ ಗೊತ್ತಿದ್ದದ್ದು ಅದು. ನನಗೆ ಗೊತ್ತಿದ್ದದ್ದು ಛಂದಸ್ಸು.

ರಾತ್ರಿ ಎರಡರ ಸುಮಾರಿಗೆ ನನ್ನನ್ನು ಎಬ್ಬಿಸಿದವಳು ಹೆಂಡತಿ. ಹಾಸಿದ ಕಂಬಳಿ ಒದ್ದೆಯಾಗಿದೆ ಎಂದಳು. ಮಗು ಒದ್ದೆ ಮಾಡಿರಬೇಕೆಂದು ನಾನು ಗೊಣಗಿದೆ. ಅವಳು ನನ್ನ ಕೈಯನ್ನು ಹಿಡಿದು ನೆಲಕ್ಕೆ ಒತ್ತಿದಳು. ಮರಳಿನೊಳಗಿಂದ ನೀರು ಮೇಲೆ ಬರುತ್ತಿತ್ತು. ಟಾರ್ಚಿನ ಬೆಳಕಿನಲ್ಲಿ ನೋಡಿದರೆ, ಹಗಲು ಪಾದ ಮುಳುಗುತ್ತಿದ್ದ ಕಡೆ ಮೊಣಕಾಲು ದಾಟಿದ ನೀರು, ಸದ್ದಿಲ್ಲದೆ, ಆದರೆ ಕಾಲನ್ನು ಎಳೆಯುವ ಸೆಳವಿನಿಂದ ಹೋಗುತ್ತಿದೆ. ಅವಳು ಗಂಡುಮಗುವನ್ನು ಹೆಗಲಿಗೆ ಹಾಕಿಕೊಂಡಳು. ನಾನು ಮಗಳನ್ನು ಹೊತ್ತೆ. ದಡ ಮುಟ್ಟುವಾಗ ನೀರು ಸೊಂಟಕ್ಕೆ ಬಂದಿತ್ತು. ಡೇರೆ, ಸ್ಟೌ, ತವರಿನಿಂದ ಬಂದಿದ್ದ ಹಿತ್ತಾಳೆಯ ಬೋಗುಣಿ, ಎಲ್ಲವೂ ಹೋದವು. ಬೆಳಗಿನವರೆಗೂ ಒದ್ದೆ ಬಟ್ಟೆಯಲ್ಲಿ, ಮಕ್ಕಳನ್ನು ಮಡಿಲಲ್ಲಿ ಒತ್ತಿಕೊಂಡು ಕುಳಿತೆವು. ಅವಳು ನನ್ನನ್ನು ಬೈಯಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ಆದರೆ ಅಂದಿನಿಂದ ಮುಂದೆ ಮೂವತ್ತೊಂದು ವರ್ಷ, ಸೂರಿಲ್ಲದ ಕಡೆ ಅವಳು ಒಂದು ರಾತ್ರಿಯೂ ಮಲಗಲಿಲ್ಲ. ಈಗ ಮೊಮ್ಮಗಳು ಕರೆದಿದ್ದಾಳೆ. ಎರಡು ದಿನ ಬಿಟ್ಟು ಅವಳು ಹೇಳಿದ್ದು ಇಷ್ಟು: “ಬರ್ತೀನಿ. ಜಾಗ ಮಾತ್ರ ಸರಿಯಾಗಿ ನೋಡ್ರಿ.”

ಆದ್ದರಿಂದ ಜಾಗವನ್ನು ನೋಡುವುದೆಂದರೇನು ಎಂದು ಈ ಸಲ ನಾನು ನಿಜವಾಗಿಯೂ ಯೋಚಿಸಿದೆ. 1993ರಲ್ಲಿ ನಾನು ಜಾಗವನ್ನು ನೋಡಿರಲಿಲ್ಲವೆಂದಲ್ಲ. ಮಧ್ಯಾಹ್ನದ ನಾಲ್ಕು ಗಂಟೆಯ ಬೆಳಕಿನಲ್ಲಿ ನೋಡಿದ್ದೆ. ನಾವು ಬಿಡಾರವನ್ನು ಆರಿಸುವುದು ಹಗಲಿನ ಕಣ್ಣಿನಿಂದ. ಅನುಭವಿಸುವುದು ಇರುಳಿನ ಮೈಯಿಂದ. ಅದರಲ್ಲೂ ಮಾರ್ಗಶಿರ ಪುಷ್ಯಗಳ ಇರುಳು ಹಗಲಿಗಿಂತ ದೀರ್ಘವಾದದ್ದು. ಸಂಜೆ ಆರಕ್ಕೆ ಕತ್ತಲೆ ಕವಿದರೆ ಬೆಳಗಿನ ಆರೂವರೆಯವರೆಗೂ ಬಿಡದು. ದೃಶ್ಯವನ್ನು ನೋಡುವುದು ಒಂದೆರಡು ಗಂಟೆ. ನೆಲದ ಮೇಲಿರುವುದು ಹನ್ನೆರಡು ಗಂಟೆ.

ನಮ್ಮ ಹಿಂದಿನವರು ಇದನ್ನು ಹಗುರವಾಗಿ ತೆಗೆದುಕೊಂಡವರಲ್ಲ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಗರಿಯಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣ ಆರಂಭವಾಗುವುದೇ ಸ್ಕಂಧಾವಾರವನ್ನು, ಎಂದರೆ ಸೇನೆಯ ಬೀಡನ್ನು, ಹೂಡುವ ವಿಚಾರದಿಂದ. ವಾಸ್ತುವನ್ನು ಬಲ್ಲವರು ಒಪ್ಪಿದ ನೆಲದಲ್ಲಿ ನಾಯಕ, ಬಡಗಿ, ಜೋಯಿಸ ಈ ಮೂವರೂ ಸೇರಿ ಅಳತೆ ಮಾಡಿಸಬೇಕಂತೆ. ನಮ್ಮ ಸೇನೆ ಏಳು ಜನರದು. ನಾಯಕನಿದ್ದ, ಅವನ ಮೇಲೆ ಯಾರಿಗೂ ನಂಬಿಕೆಯಿರಲಿಲ್ಲ. ಬಡಗಿಯ ಕೆಲಸವನ್ನು ಮಗ ವಹಿಸಿಕೊಂಡ. ಜೋಯಿಸನ ಸ್ಥಾನದಲ್ಲಿ ಹವಾಮಾನ ಇಲಾಖೆಯ ವರದಿಯಿತ್ತು.

ನಾನು ಅಧ್ಯಾಪಕನಾಗಿದ್ದಾಗ ಎನ್.ಎಸ್.ಎಸ್. ಶಿಬಿರಗಳನ್ನು ನಡೆಸಿದ್ದುಂಟು, ಆ ಅನುಭವ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಅಲ್ಲಿ ಊರ ಶಾಲೆಯ ಜಗಲಿಯಿರುತ್ತದೆ, ಇಪ್ಪತ್ತು ವರ್ಷದ ಹುಡುಗರಿರುತ್ತಾರೆ. ಅವರು ಕಲ್ಲಿನ ಮೇಲೆ ಮಲಗಿಸಿದರೂ ಹಾಡುತ್ತಾರೆ. ಸಂಸಾರದ ಬಿಡಾರದ ಅಳತೆಗೋಲು ಬೇರೆ. ಅಲ್ಲಿ ಅತಿ ಗಟ್ಟಿಗನ ಇಷ್ಟ ಮುಖ್ಯವಲ್ಲ. ಐದು ವರ್ಷದ ಮಗುವಿಗೂ ಮೊಣಕಾಲು ನೋಯುವ ಅಜ್ಜಿಗೂ ಆ ನೆಲ ಒಗ್ಗುತ್ತದೆಯೆ ಎಂಬುದೇ ಮುಖ್ಯ.

ಮಗಳ ಊರಿನಲ್ಲಿ ಈ ಕೆಲಸ ಸುಲಭ. 2022ರ ಡಿಸೆಂಬರಿನಲ್ಲಿ ಅವರು ಡೆತ್ ವ್ಯಾಲಿ ಎಂಬ ರಾಷ್ಟ್ರೀಯ ಉದ್ಯಾನದಲ್ಲಿ ಫರ್ನೇಸ್ ಕ್ರೀಕ್ ಎಂಬ ತಾಣದಲ್ಲಿ ಎರಡು ರಾತ್ರಿ ಕಳೆದಿದ್ದರು. ಸಮುದ್ರಮಟ್ಟಕ್ಕಿಂತ ಸುಮಾರು 60 ಮೀಟರ್ ಕೆಳಗಿರುವ ಜಾಗ ಅದು. ಬೇಸಿಗೆಯಲ್ಲಿ ಕುಲುಮೆ, ಚಳಿಗಾಲದಲ್ಲಿ ಹಿತ. ಅದೇ ಉದ್ಯಾನದಲ್ಲಿ ಸುಮಾರು 2,500 ಮೀಟರ್ ಎತ್ತರದಲ್ಲಿರುವ ಮಹಾಗನಿ ಫ್ಲಾಟ್ ಎಂಬ ತಾಣವನ್ನು ಹಿಮ ಬೀಳುವ ಚಳಿಗಾಲದಲ್ಲಿ ಮುಚ್ಚಿಡುತ್ತಾರೆ. ಒಂದೇ ಉದ್ಯಾನದ ಬೇಲಿಯೊಳಗೆ ಎರಡು ಋತುಗಳು. ಅಲ್ಲಿ ಒಂದೊಂದು ಡೇರೆಗೂ ಸಂಖ್ಯೆ ಹಾಕಿದ ನೆಲ, ಒಲೆ, ಮೇಜು, ಹತ್ತಿರದಲ್ಲಿ ಶೌಚಾಲಯ, ಎಲ್ಲವೂ ಇರುವುದರಿಂದ, ಮನೆಯಲ್ಲಿ ಕುಳಿತು ಸಂಖ್ಯೆಯನ್ನು ಆರಿಸಿದರೆ ಮುಗಿಯಿತು. ನಮ್ಮಲ್ಲಿ ಅಂಥ ಏರ್ಪಾಡುಗಳು ವಿರಳ. ಹಣ ತೆತ್ತರೆ ಡೇರೆ ಕೊಡುವ ವಿಶ್ರಾಂತಿಧಾಮಗಳು ಈಗ ಎಷ್ಟೋ ಇವೆ; ಆದರೆ ಅಲ್ಲಿಯೂ ಡೇರೆ ಎಲ್ಲಿ ನಿಂತಿದೆಯೆಂದು ನೋಡುವ ಕಣ್ಣು ನಮ್ಮದೇ ಆಗಬೇಕು.

ಬೆಟ್ಟದ ನೆತ್ತಿಯ ಪ್ರಸ್ತಾಪವನ್ನು ಮೊದಲು ಕೈಬಿಟ್ಟೆವು. ಸಾವಿರ ಮೀಟರ್ ಏರಿದರೆ ಸಾಮಾನ್ಯವಾಗಿ ಆರು-ಆರೂವರೆ ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆಂಬುದು ಶಾಲೆಯ ಪಾಠ. ನಮ್ಮದು ಬೆಚ್ಚನೆಯ ನಾಡು ಎಂದು ಇದನ್ನು ಕಡೆಗಣಿಸುವಂತಿಲ್ಲ. ಬೆಂಗಳೂರಿನಲ್ಲೇ 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದ ದಾಖಲೆಯಿದೆ. ನಂದಿಬೆಟ್ಟ 1,478 ಮೀಟರ್, ಕೆಮ್ಮಣ್ಣುಗುಂಡಿ ಸುಮಾರು 1,430 ಮೀಟರ್. ಅಲ್ಲಿ ಚಳಿಗಿಂತ ಹೆಚ್ಚಾಗಿ ಕಾಡುವುದು ತಡೆಯಿಲ್ಲದ ಗಾಳಿ. ಸೂರ್ಯೋದಯವನ್ನು ನೋಡಲು ಬೆಳಗ್ಗೆ ಹತ್ತಿ ಹೋಗಬಹುದು; ಅದಕ್ಕಾಗಿ ರಾತ್ರಿಯೆಲ್ಲ ಅಲ್ಲಿ ನಡುಗಬೇಕಾಗಿಲ್ಲ ಎಂದು ಸೊಸೆಯೇ ಒಪ್ಪಿದಳು. ಕಾಡಿನ ವಿಚಾರ ಇನ್ನೂ ಬೇಗ ಇತ್ಯರ್ಥವಾಯಿತು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಡೇರೆ ಹೂಡುವಂತಿಲ್ಲ, ಹೂಡಬಾರದು ಕೂಡ. ಸುಗ್ಗಿಯ ಕಾಲದಲ್ಲಿ ಆನೆಗಳು ತಿರುಗಾಡುವ ದಾರಿಗೆ ಮಕ್ಕಳನ್ನು ಕರೆದೊಯ್ಯುವ ಧೈರ್ಯವೂ ನನಗಿರಲಿಲ್ಲ. ನದಿಯ ವಿಷಯವನ್ನು ಮಗ ತಾನಾಗಿಯೇ ಮತ್ತೆ ಎತ್ತಲಿಲ್ಲ. ಎರಡು ವರ್ಷದ ಕೂಸಾಗಿದ್ದವನಿಗೆ ಆ ರಾತ್ರಿ ನೆನಪಿಲ್ಲ; ಅಕ್ಕ ಹೇಳಿರಬೇಕು.

ಕೊನೆಗೆ ಉಳಿದದ್ದು ಅರಸೀಕೆರೆಗೂ ತಿಪಟೂರಿಗೂ ನಡುವೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಜಮೀನು. ತೆಂಗಿನ ತೋಟ, ರಾಗಿ ಹೊಲ, ಹಿಂದೆ ಒಂದು ಬೋಳುಗುಡ್ಡ, ಕೆಳಗೆ ಸಣ್ಣ ಕೆರೆ. ಅವರು ಸಂತೋಷದಿಂದ ಒಪ್ಪಿದರು. ತೋಟದ ತಗ್ಗಿನಲ್ಲಿ ಹುಲ್ಲುಹಾಸಿನಂಥ ಒಂದು ಜಾಗವಿದೆ, ಬಹಳ ಚೆನ್ನಾಗಿದೆ ಎಂದರು. ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ನೆಲಕ್ಕೆ ಬಂದು, ಡಿಸೆಂಬರ್ ಮೊದಲ ದಿನಗಳಲ್ಲಿ ನಮ್ಮ ಕಡೆಗೂ ಮಳೆ ತಂದಿತಲ್ಲ, ಆಗ ಅವರೇ ಮತ್ತೆ ಫೋನ್ ಮಾಡಿದರು: “ಸಾರ್, ಆ ಜಾಗದಲ್ಲಿ ಪಾದ ಹೂತುಕೊಳ್ಳೋ ಹಾಗೆ ನೀರು ನಿಂತಿದೆ.” ಚಳಿಗಾಲವೆಂದರೆ ಮಳೆಯಿಲ್ಲದ ಕಾಲವೆಂದು ನಂಬುವಂತಿಲ್ಲ; ಬಂಗಾಳ ಕೊಲ್ಲಿಯ ಬಾಗಿಲು ಡಿಸೆಂಬರಿನಲ್ಲಿಯೂ ತೆರೆದೇ ಇರುತ್ತದೆ. ನಾನು ನಕ್ಷೆಯನ್ನೂ ಫೋಟೋಗಳನ್ನೂ ಬದಿಗಿಟ್ಟು, ನೆಲವನ್ನು ಕಣ್ಣಾರೆ ನೋಡುತ್ತೇನೆಂದು ಹೊರಟೆ. ನಡುಹಗಲಿನಲ್ಲಿ ನೋಡುವುದು ಬೇಡ, ಬೆಳಗಿನ ಜಾವಕ್ಕೇ ನೋಡುತ್ತೇನೆಂದು ಹಿಂದಿನ ರಾತ್ರಿ ಅವರ ಮನೆಯಲ್ಲಿ ಉಳಿದುಕೊಂಡೆ.

ಆ ಬೆಳಗು ನನಗೆ ಪುಸ್ತಕಗಳಿಗಿಂತ ಹೆಚ್ಚು ಕಲಿಸಿತು. ಐದೂವರೆಗೆ ಮನೆಯ ಜಗಲಿಯಿಂದ ನೋಡಿದರೆ, ಕೆರೆಯಂಗಳದಿಂದ ಹಿಡಿದು ತೋಟದ ತಗ್ಗಿನವರೆಗೆ ಮಂಜು ಹಾಲಿನ ಕೆನೆಯಂತೆ ಕಟ್ಟಿ ನಿಂತಿದೆ. ತೆಂಗಿನ ಮರಗಳ ತಲೆಗಳು ಮಾತ್ರ ಅದರ ಮೇಲೆ ತೇಲುತ್ತಿವೆ. ಗುಡ್ಡದ ಇಳಿಜಾರು ತಿಳಿಯಾಗಿದೆ. ನಾನು ಇಳಿದು ನಡೆದೆ. ನಲವತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಿವಿಗೆ ತಣ್ಣೀರು ಮುಟ್ಟಿದಂತಾಯಿತು. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿಗಳಲ್ಲಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣಿಯುತ್ತದೆ. ಅದಕ್ಕಂಟಿದ ಗಾಳಿಯೂ ತಣಿಯುತ್ತದೆ. ತಣಿದ ಗಾಳಿ ಭಾರವಾಗಿ ನೀರಿನ ಹಾಗೆಯೇ ಇಳಿಜಾರನ್ನು ಹಿಡಿದು ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಎತ್ತರಕ್ಕೆ ಹೋದಷ್ಟೂ ಚಳಿ ಎಂಬ ಶಾಲೆಯ ಪಾಠ ಇಂಥ ರಾತ್ರಿಗಳಲ್ಲಿ ಸ್ವಲ್ಪ ದೂರದ ಮಟ್ಟಿಗೆ ತಲೆಕೆಳಗಾಗಿಬಿಡುತ್ತದೆ. ನೆತ್ತಿಯಲ್ಲಿ ಗಾಳಿ, ತಗ್ಗಿನಲ್ಲಿ ಶೀತ. ಹಿತವಾದದ್ದು ನಡು ಇಳಿಜಾರು. ನೀರಿಲ್ಲದ ಹೊಳೆಯಲ್ಲಿಯೂ ಮುಳುಗಬಹುದೆಂದು ನನಗೆ ಅಂದು ತಿಳಿಯಿತು. ಹೊಲಗಳಲ್ಲಿ ಮಂದೆ ನಿಲ್ಲಿಸುವ ಕುರಿಗಾಹಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವರ್ಷದ ಬಹುಪಾಲು ಬಯಲಿನಲ್ಲಿ ಮಲಗುವ ಅವರು ಮರಿಗಳ ಮೈಯನ್ನು ಮುಟ್ಟಿಯೇ ನೆಲವನ್ನು ಅಳೆಯುತ್ತಾರೆ.

ನಡು ಇಳಿಜಾರಿನಲ್ಲಿ ಮನೆಗೆ ಸಮೀಪವಾಗಿ ಒಂದು ಕಣವಿತ್ತು. ಸಗಣಿ ಸಾರಿಸಿ ಗಟ್ಟಿ ಮಾಡಿದ, ಕಲ್ಲು ಕಡ್ಡಿಗಳಿಲ್ಲದ ದುಂಡನೆಯ ನೆಲ. ರಾಗಿಯ ಕೊಯ್ಲು ಮುಗಿದು ತೆನೆಯೆಲ್ಲ ಮೆದೆಯಲ್ಲಿದ್ದುದರಿಂದ ಕಣ ಖಾಲಿಯಿತ್ತು. ಇದೇ ಇರಲಿ ಎಂದು ನಾನು ಹಿಗ್ಗಿದೆ. ವಿದ್ಯಾರ್ಥಿಯ ತಂದೆ, ಎಂಬತ್ತು ದಾಟಿದ ಹಿರಿಯರು, ಕಂಬಳಿ ಹೊದ್ದು ಕಟ್ಟೆಯ ಮೇಲೆ ಕುಳಿತಿದ್ದವರು ಅಲ್ಲಿಂದಲೇ ಹೇಳಿದರು: “ಮೇಷ್ಟ್ರೇ, ಕಣದಾಗೆ ಬ್ಯಾಡಿ. ಗಾಳಿ ಬರ್ಲಿ ಅಂತ್ಲೇ ಅಲ್ವಾ ಅಲ್ಲಿ ಕಣ ಮಾಡಿರಾದು?” ತೂರುವುದಕ್ಕೆ ಗಾಳಿ ಬೇಕು; ಗಾಳಿ ತಪ್ಪದೆ ಬರುವ ಕಡೆಯನ್ನು ನೋಡಿ ಅವರ ಅಜ್ಜನ ಕಾಲದಲ್ಲಿ ಕಣ ಮಾಡಿದ್ದರು. ಕಣ, ತೂರು, ಮೆದೆ, ಬಣವೆ ಎಂಬ ಮಾತುಗಳಿಗೆಲ್ಲ ತರಗತಿಯಲ್ಲಿ ಅರ್ಥ ಹೇಳಿದವನು ನಾನು. ಆದರೂ ಕಣವೆಂಬುದು ಗಾಳಿಯ ದಾರಿ ಎಂಬುದು ಹೊಳೆದಿರಲಿಲ್ಲ. 1993ರ ಬಲೆಗಾರನ ಮಾತಿಗೆ ನಕ್ಕಂತೆ ಈ ಸಲ ನಗಲಿಲ್ಲ; ಅವರ ಪಕ್ಕದಲ್ಲಿ ಕುಳಿತು ಇನ್ನಷ್ಟು ಕೇಳಿಕೊಂಡೆ.

ಅವರು ತೋರಿಸಿದ ಜಾಗ ಕಣದಿಂದ ಕೆಳಕ್ಕೆ, ಒಂದು ಹಳೆಯ ಕಲ್ಲುಕಟ್ಟಡದ ಬದುವಿನ ಮರೆಯಲ್ಲಿತ್ತು. ಮಾಗಿಯಲ್ಲಿ ಗಾಳಿ ಬೀಸುವುದು ಮೂಡಣ ಈಶಾನ್ಯಗಳಿಂದ. ಆ ದಿಕ್ಕಿಗೆ ಎದೆಮಟ್ಟದ ಬದು ಅಡ್ಡವಿತ್ತು. ಸೂರ್ಯನಾದರೋ ಈ ಕಾಲದಲ್ಲಿ ನೇರ ಮೂಡಣದಲ್ಲಿ ಹುಟ್ಟದೆ ಆಗ್ನೇಯದತ್ತ ಸರಿದಿರುತ್ತಾನೆ. ಆ ಕಡೆ ಬಯಲು. ಗಾಳಿಗೆ ಮರೆ, ಎಳೆಬಿಸಿಲಿಗೆ ತೆರವು. ನೆಲ ಕೆಂಪು ಗರಸು, ನೀರನ್ನು ಹಿಡಿದಿಡುವುದಿಲ್ಲ. ತಲೆಯನ್ನು ಮೇಲಕ್ಕಿಟ್ಟು ಮಲಗಲು ಸಾಕಾಗುವಷ್ಟೇ ಓರೆ. ತೆಂಗಿನ ಸಾಲಿನಿಂದ ಮೂವತ್ತು ಹೆಜ್ಜೆ ದೂರ. ಇದನ್ನು ಒತ್ತಿ ಹೇಳುತ್ತೇನೆ: ತೆಂಗಿನ ಕೆಳಗೆ ಡೇರೆ ಬಹಳ ಸುಂದರವಾಗಿ ಕಾಣುತ್ತದೆ, ಆದರೆ ಕಾಯಿಯಾಗಲಿ ಒಣಗಿದ ಗರಿಯಾಗಲಿ ಬೀಳುವಾಗ ಹೊತ್ತು ನೋಡುವುದಿಲ್ಲ.

ಬದುವಿನ ಆಚೆಗೆ ಒಂದು ಬಣವೆಯಿತ್ತು. ಹಾಸಿಗೆಗೆ ಅದರಿಂದ ಒಣಹುಲ್ಲು ಸಿಕ್ಕಿತು. ನಾವು ಹೊದೆಯುವುದಕ್ಕೆ ಎರಡೆರಡು ರಗ್ಗು ಹೊತ್ತು ಹೋಗುತ್ತೇವೆ. ಚಳಿ ಹತ್ತುವುದು ಕೆಳಗಿನಿಂದ. ಗೇಣುದ್ದ ಹುಲ್ಲನ್ನು ಕೊಡವಿ ಚೇಳು ಗೀಳು ಇಲ್ಲವೆಂದು ನೋಡಿ ಹರಡಿ, ಅದರ ಮೇಲೆ ಚಾಪೆ, ಜಮಖಾನ, ಕಂಬಳಿ ಹಾಸಿದರೆ ನೆಲದ ಶೀತ ತಟ್ಟದು. ಆದರೆ ಹುಲ್ಲಿದ್ದ ಕಡೆ ಬೆಂಕಿಯಿರಬಾರದು. ಮಕ್ಕಳಿಗೆ ಬೇಕಾದ ಬೆಂಕಿಯನ್ನು ಮನೆಯ ಮುಂದಿನ ಅಂಗಳದಲ್ಲಿ, ಬಣವೆಗೂ ಡೇರೆಗೂ ದೂರವಾಗಿ ಹಾಕಿ, ಮಲಗುವ ಮುನ್ನ ನೀರು ಹೊಯ್ದು ಆರಿಸಬೇಕೆಂದು ಗೊತ್ತುಮಾಡಿದೆವು. ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಡೇರೆಯೊಳಗೆ ಇಟ್ಟುಕೊಳ್ಳುವವರಿದ್ದಾರೆ. ದಯವಿಟ್ಟು ಯಾರೂ ಆ ಕೆಲಸ ಮಾಡಬಾರದು. ಮುಚ್ಚಿದ ಜಾಗದಲ್ಲಿ ಇದ್ದಿಲು ಉರಿದರೆ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆ ಬಂದಂತೆಯೇ ಸಾವು ಬರುತ್ತದೆ. ಬಾಗಿಲನ್ನು ಸ್ವಲ್ಪ ತೆರೆದಿಟ್ಟರೆ ಸಾಕೆಂಬುದೂ ಸುಳ್ಳು.

ಗುಡ್ಡದಲ್ಲಿ ಚಿರತೆಯುಂಟು ಎಂದು ಹಿರಿಯರು ಹೇಳಿದಾಗ ನಾನು ಸ್ವಲ್ಪ ಅಳುಕಿದೆ. ಕತ್ತಲಾದ ಮೇಲೆ ಮಕ್ಕಳು ಒಂಟಿಯಾಗಿ ಹೊರಗೆ ಕಾಲಿಡಬಾರದು, ನಾಯಿಯನ್ನು ಮನೆಯೊಳಗೆ ಕಟ್ಟಬೇಕು, ಅಂಗಳದ ದೀಪ ರಾತ್ರಿಯಿಡೀ ಉರಿಯಬೇಕು, ಮನೆಯ ಇಬ್ಬರು ಗಂಡಸರು ಜಗಲಿಯಲ್ಲಿ ಮಲಗಬೇಕು ಎಂದು ಅವರೇ ಕಟ್ಟುಮಾಡಿದರು. ಡೇರೆಯೊಳಗೆ ತಿಂಡಿತೀರ್ಥ ಇಡುವುದು ಬೇಡವೆಂದು ನಾನು ಸೇರಿಸಿದೆ. ಅದು ಇಲಿ ಇರುವೆಗಳಿಗೆ ಹೆದರಿ.

ಊರಿಗೆ ಬಂದು ಹೆಂಡತಿಗೆ ಇಷ್ಟನ್ನೂ ವಿವರವಾಗಿ, ಸ್ವಲ್ಪ ಜಂಬದಿಂದಲೇ, ಹೇಳಿದೆ. ಈಶಾನ್ಯ, ಆಗ್ನೇಯ, ಶೀತದ ಮಡು ಎಲ್ಲವನ್ನೂ ಅವಳು ತಾಳ್ಮೆಯಿಂದ ಕೇಳಿದಳು. ಕೇಳಿ, “ರಾತ್ರಿ ಮಗು ಎದ್ದರೆ ಬಚ್ಚಲಿಗೆ ಎಷ್ಟು ದೂರ?” ಎಂದಳು. ನಾನು ಅದನ್ನು ನೋಡಿರಲಿಲ್ಲ. ಕೌಟಿಲ್ಯನೂ ಹೇಳಿದಂತೆ ನೆನಪಿಲ್ಲ. ಮರುದಿನ ವಿದ್ಯಾರ್ಥಿಗೆ ಫೋನ್ ಮಾಡಿ, ರಾತ್ರಿ ಹೊತ್ತಿನಲ್ಲಿ ಟಾರ್ಚು ಹಿಡಿದು ಹೆಜ್ಜೆಯಿಂದ ಅಳೆಯಲು ಕೇಳಿಕೊಂಡೆ. ಎಪ್ಪತ್ತೆರಡು ಹೆಜ್ಜೆ, ದಾರಿಯಲ್ಲಿ ಒಂದು ಕಡೆ ಎಡವುವ ಕಲ್ಲಿದೆ, ತೆಗೆಸುತ್ತೇನೆ ಸಾರ್, ಎಂದರು. ಕಾರು ನಿಲ್ಲುವ ಜಾಗ ಡೇರೆಗೆ ಹತ್ತಿರವೆ, ತಿಪಟೂರಿನ ಆಸ್ಪತ್ರೆಗೆ ಎಷ್ಟು ಹೊತ್ತು ಎಂಬ ಪ್ರಶ್ನೆಗಳೂ ಅವಳಿಂದಲೇ ಬಂದವು. ನನ್ನ ಪಟ್ಟಿಯಲ್ಲಿ ಇಲ್ಲದ್ದೆಲ್ಲ ಅವಳ ಪಟ್ಟಿಯಲ್ಲಿತ್ತು. ಅವಳು ಅದನ್ನು ಮೂವತ್ತೊಂದು ವರ್ಷದಿಂದ ಬರೆಯುತ್ತಿದ್ದಿರಬೇಕು.

ಡಿಸೆಂಬರ್ ಕೊನೆಯ ವಾರದ ಒಂದು ಸಂಜೆ, ಬೆಳಕಿರುವಾಗಲೇ ಹೋಗಿ ಡೇರೆಗಳನ್ನು ಹೂಡಿದೆವು. ಅವರೆಕಾಳು ಹುಳಿ, ರಾಗಿಮುದ್ದೆ. ಮೊಮ್ಮಗ ಮುದ್ದೆಯನ್ನು ನುಂಗದೆ ಅಗಿದು ಎಲ್ಲರನ್ನೂ ನಗಿಸಿದ. ಮೊಮ್ಮಗಳು ನಕ್ಷತ್ರಗಳನ್ನು ಎಣಿಸುತ್ತ ನೂರರ ಬಳಿ ನಿದ್ದೆ ಹೋದಳು. ಮಕ್ಕಳಿಬ್ಬರೂ ಅಜ್ಜಿಯ ಎಡಬಲಕ್ಕೆ, ನಾನು ಬಾಗಿಲ ಬಳಿ. ಬೆಳಗಿನ ಜಾವ ಮೂರರ ಹೊತ್ತಿಗೆ ಏಕೋ ಎಚ್ಚರವಾಯಿತು. ಹೊರಗೆ ಗಾಳಿಯ ಸದ್ದಿರಲಿಲ್ಲ. ಅಂಗಳದ ದೀಪದ ಮಸುಕು ಬೆಳಕಿನಲ್ಲಿ ಅವಳ ಕೈ ಕಂಬಳಿಯಿಂದ ಹೊರಬಂದು, ಚಾಪೆಯ ಅಂಚಿನಾಚೆ ನೆಲವನ್ನು ಮೆಲ್ಲಗೆ ತಡವುತ್ತಿರುವುದು ಕಂಡಿತು. ಅಂಗೈಯನ್ನು ಅಲ್ಲಲ್ಲಿ ಒತ್ತಿ ನೋಡಿದಳು. ನಾನು ಉಸಿರು ಬಿಗಿಹಿಡಿದೆ.

“ಒಣಗಿದೆ” ಎಂದಳು, ನಾನು ಎಚ್ಚರವಿರುವುದು ಗೊತ್ತಿದ್ದವಳಂತೆ. ಕೈಯನ್ನು ಒಳಗೆಳೆದುಕೊಂಡು, ಮೊಮ್ಮಗನ ಹೊದಿಕೆಯನ್ನು ಸರಿಪಡಿಸಿ, ಆ ಕಡೆ ತಿರುಗಿ ಮಲಗಿದಳು.